ಪುಟ್ಟ ಯುದ್ಧವಿಮಾನದ ದೋಷ ನಿವಾರಣೆ: 1/72 ಅಳತೆಯ ಸ್ಪಿಟ್‌ಫೈರ್, ಲಿಬರೇಟರ್ ಕಟ್ಟುವವರಿಗೆ

ಸಾಮಾನ್ಯ ರೆಕ್ಕೆತುದಿಯ ಸ್ಪಿಟ್‌ಫೈರ್ ಒಂದು ತುದಿಯಿಂದ ಇನ್ನೊಂದು ತುದಿಗೆ 11.23 ಮೀಟರ್ ಇತ್ತು. 1/72 ಅಳತೆಯ ಪ್ಲಾಸ್ಟಿಕ್ ಮಾದರಿಯಲ್ಲಿ ಅದು 156 ಮಿ.ಮೀ. ಮೇಜಿನ ಮೇಲಿನ ಒಂದು ಮಿಲಿಮೀಟರ್ ತಪ್ಪು ನಿಜ ವಿಮಾನದಲ್ಲಿ 72 ಮಿ.ಮೀ., ಹತ್ತಿರ ಹತ್ತಿರ ಮೂರು ಇಂಚು. ಅರ್ಧ ಮಿಲಿಮೀಟರ್ ಸಂದೂ ದೂರದಿಂದಲೇ ಕಣ್ಣಿಗೆ ಹೊಡೆಯುವುದು ಇದರಿಂದಲೇ.

ಇಲ್ಲಿನ ಮುಖ್ಯ ಉದಾಹರಣೆ ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬರ್ಮಾ ರಂಗದ ಮೇಲೆ ಹಾರಿದ ಸ್ಪಿಟ್‌ಫೈರ್ ಮಾರ್ಕ್ 8. ಆಗಿನ ಭಾರತೀಯ ವಾಯುಪಡೆಯೂ ಇದನ್ನು ಹಾರಿಸಿತ್ತು. ಮೂತಿ ಮೇಲೇಳುವ ತೊಂದರೆಗೆ ಮಾತ್ರ ಲಿಬರೇಟರ್ ಬಾಂಬರ್ ತೆಗೆದುಕೊಂಡಿದ್ದೇವೆ.

ಮೊದಲು ಒಂದು ಮಾತು. ಮಾದರಿಯಲ್ಲಿ ದೋಷ ಕಾಣಿಸಿಕೊಳ್ಳುವುದು ಒಂದು ಪದರದಲ್ಲಿ, ಹುಟ್ಟಿರುವುದು ಬಹುಪಾಲು ಅದರ ಕೆಳಗಿನ ಪದರದಲ್ಲಿ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಗುರುತಿನ ಹಾಳೆ) ಕೆಟ್ಟರೆ ಕೆಳಗಿನ ಬಣ್ಣವನ್ನು ನೋಡಬೇಕು, ಬಣ್ಣ ಕೆಟ್ಟರೆ ಅದರ ಅಡಿಗೆ ಹಚ್ಚುವ ಮೊದಲ ಕೋಟಾದ ಪ್ರೈಮರನ್ನು, ಪ್ರೈಮರ್ ಕೆಟ್ಟರೆ ಪ್ಲಾಸ್ಟಿಕ್ಕನ್ನು. ಕಂಡ ಜಾಗದಲ್ಲೇ ತೇಪೆ ಹಾಕುತ್ತ ಹೋದರೆ ಕೆಲಸ ಹೆಚ್ಚುತ್ತದೆ, ರಿವೆಟ್ ಮತ್ತು ಪ್ಯಾನೆಲ್ ಗೆರೆಗಳು ಮುಚ್ಚಿಹೋಗುತ್ತವೆ. ಪರೀಕ್ಷೆಗೆ ಬೇಕಾದ ಸಾಮಾನು ಎರಡೇ: ಪಕ್ಕದಿಂದ ಬೆಳಕು ಬೀರುವ ಒಂದು ಟಾರ್ಚ್, ಪ್ರತಿ ಪದರವನ್ನೂ ಮೊದಲು ಹಚ್ಚಿ ನೋಡಲು ಒಂದು ಬೇಡದ ರೆಕ್ಕೆ ಅಥವಾ ಅದೇ ಕಿಟ್‌ನ ಖಾಲಿ ಸ್ಪ್ರೂ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು).

ಕೆಲಸಕ್ಕೆ ಮುಂಚೆ: ಕಣ್ಣು, ಉಸಿರು, ಬೆಂಕಿ

ಲ್ಯಾಕರ್ ಥಿನ್ನರ್ ಮತ್ತು ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಸುವ ಪ್ಲಾಸ್ಟಿಕ್ ಸಿಮೆಂಟಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಾಗಲಿ ದೇವರ ದೀಪ, ಊದುಬತ್ತಿ ಉರಿಯುವ ಕೋಣೆಯಲ್ಲಾಗಲಿ ಸ್ಪ್ರೇ ಮಾಡಬೇಡಿ. ಬಟ್ಟೆಯ ಮಾಸ್ಕ್ ಧೂಳನ್ನಷ್ಟೇ ಸ್ವಲ್ಪ ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ರೆಸಿನ್ ಭಾಗಗಳನ್ನು ಯಾವಾಗಲೂ ನೀರು ಹಾಕಿಯೇ ಉಜ್ಜಿ. ಚೆಲ್ಲಿದ ಸೂಪರ್ ಗ್ಲೂ ಅನ್ನು ಹತ್ತಿಯಿಂದ ಒರೆಸಬೇಡಿ. ಹತ್ತಿ ತಾಗಿದರೆ ಅದು ಥಟ್ಟನೆ ಬಿಸಿಯೇರಿ ಚರ್ಮ ಸುಡಬಹುದು. ಬೆರಳು ಅಂಟಿಕೊಂಡರೆ ಬೆಚ್ಚನೆಯ ಸೋಪು ನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸಿ ಬಿಡಿಸಿ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಎಳೆಯಬೇಡಿ, ಅಸಿಟೋನ್ ಹತ್ತಿರ ತರಬೇಡಿ. ನೀರು ಹಾಯಿಸುತ್ತ ನೇರ ಕಣ್ಣಿನ ಡಾಕ್ಟರ ಬಳಿ ಹೋಗಿ. ಸ್ಪ್ರೇ ಮಾಡುವಾಗ ತಲೆ ಸುತ್ತಿದರೆ, ಎದೆ ಬಿಗಿದರೆ ಕೆಲಸ ಅಲ್ಲಿಗೇ ಬಿಟ್ಟು ಹೊರಗಾಳಿಗೆ ಬನ್ನಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಲಕ್ಷಣ: ರೆಕ್ಕೆ ಬುಡದಲ್ಲಿ ಸಂದು, ಅಥವಾ ಒಂದು ರೆಕ್ಕೆ ಜೋತುಬಿದ್ದಿದೆ

ಇನ್ನೂ ಅಂಟು ಹಾಕಿಲ್ಲದಿದ್ದರೆ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಭಾಗಗಳನ್ನು ಸ್ಪ್ರೂನಿಂದ ಕತ್ತರಿಸಿದ ಜಾಗದಲ್ಲಿ ಮೊಳೆಯಂತೆ ಉಳಿದ ಚೂರುಗಳಿವೆಯೇ ಎಂದು ಉಗುರಿನಿಂದ ಸವರಿ ನೋಡಿ. ಸಂದಿನ ದೂರು ಅರ್ಧಕ್ಕರ್ಧ ಇಲ್ಲೇ ತೀರುತ್ತದೆ. ಆಮೇಲೆ ಕಾಕ್‌ಪಿಟ್ ಒಳಭಾಗವನ್ನು ತೆಗೆದು, ಬರಿ ಒಡಲನ್ನು ಟೇಪಿನಿಂದ ಬಿಗಿದು ರೆಕ್ಕೆ ಕೂರಿಸಿ. ಈಗ ಸಂದು ಮಾಯವಾದರೆ ಕಾಕ್‌ಪಿಟ್ ತಟ್ಟೆ ಅಗಲವಾಗಿದೆ, ಅದರ ಅಂಚನ್ನೇ ಉಜ್ಜಬೇಕು. ಸಂದು ಹಾಗೇ ಇದ್ದರೆ ಒಡಲು ಕಿರಿದಾಗಿದೆ ಎಂದರ್ಥ. ರೆಕ್ಕೆ ಬುಡದ ಎತ್ತರಕ್ಕೆ ಸರಿಯಾಗಿ ಒಳಗೆ ಸ್ಪ್ರೂ ತುಂಡೊಂದನ್ನು ಅಡ್ಡಕ್ಕೆ ಕೊಟ್ಟು ಒಡಲನ್ನು ಕೂದಲೆಳೆಯಷ್ಟು ಹಿಗ್ಗಿಸಿ. ಪುಟ್ಟಿಗಿಂತ ಇದು ಎಷ್ಟೋ ಮೇಲು. ಸ್ಪಿಟ್‌ಫೈರ್‌ನ ಬುಡದ ಆ ತಿರುವಿನಲ್ಲಿ ಪುಟ್ಟಿ ಉಜ್ಜುತ್ತ ಕೂತರೆ ಅದರ ಚೆಲುವಾದ ರೇಖೆಯೇ ಹಾಳಾಗುತ್ತದೆ.

ಜೋತುಬಿದ್ದ ರೆಕ್ಕೆಗೆ ಕಾರ್ಡ್‌ಬೋರ್ಡ್ ಅಚ್ಚು ಬೇಕು. ಸ್ಪಿಟ್‌ಫೈರ್ ರೆಕ್ಕೆ ಬುಡದಿಂದ ತುದಿಗೆ 6 ಡಿಗ್ರಿ ಮೇಲೇರುತ್ತದೆ. ಆ ಕೋನದ ಎರಡು ಅಚ್ಚು ಕತ್ತರಿಸಿ ಎರಡೂ ರೆಕ್ಕೆಯಡಿ ಇಡಿ. ಅಂಟು ಹಾಕಿ ಒಂದು ಗಂಟೆಯೊಳಗೆ ಗೊತ್ತಾದರೆ ಟೇಪಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು ಕಟ್ಟಿ ರಾತ್ರಿಯಿಡೀ ಬಿಡಿ. ಅಂಟು ಪೂರ್ತಿ ಒಣಗಿದ್ದರೆ ಬಗ್ಗಿಸಲು ಹೋಗಬೇಡಿ, ಪ್ಲಾಸ್ಟಿಕ್ ಸೀಳುತ್ತದೆ. ಜಾಯಿಂಟಿನಲ್ಲಿ ಮತ್ತೆ ತೆಳು ಸಿಮೆಂಟ್ ಹರಿಸಿ, ಮೆತ್ತಗಾಗಲು ಬಿಟ್ಟು, ಬ್ಲೇಡನ್ನು ಒತ್ತದೆ ಜಾರಿಸಿ ಬಿಡಿಸಿ. ಎರಡು ಸಲಕ್ಕೂ ಬಿಡದಿದ್ದರೆ ಅಲ್ಲಿಗೆ ಕೈಬಿಡಿ. ಅರ್ಧ ಮಿಲಿಮೀಟರ್ ಒಳಗಿನ ವ್ಯತ್ಯಾಸಕ್ಕಾಗಿ ಒಡಲು ಮುರಿದುಕೊಳ್ಳುವುದು ಬೇಡ.

ಲಕ್ಷಣ: ಉಜ್ಜಿ ನುಣುಪು ಮಾಡಿದ ಜಾಯಿಂಟಿನ ಗೆರೆ ಬಣ್ಣದ ಮೇಲೆ ಮತ್ತೆ ಮೂಡಿದೆ

ಗೆರೆ ಒಳಕ್ಕೆ ಕುಸಿದಿದೆಯೋ, ಉಬ್ಬಿದೆಯೋ, ಸೀಳಿದೆಯೋ ಎಂದು ಮೊದಲು ಟಾರ್ಚನ್ನು ಅಡ್ಡಕ್ಕೆ ಹಿಡಿದು ನೋಡಿ. ಕುಸಿದಿದ್ದರೆ ಸಿಮೆಂಟಿನಿಂದ ಕರಗಿದ ಪ್ಲಾಸ್ಟಿಕ್ ಅಥವಾ ಪುಟ್ಟಿ ಒಣಗುವ ಮುಂಚೆಯೇ ಉಜ್ಜಿದ್ದೀರಿ, ಉಜ್ಜಿದ ಮೇಲೆ ಅದು ಕುಗ್ಗಿದೆ. ಒಂದು ದಿನ ಕಾದು ಮತ್ತೊಮ್ಮೆ ತೆಳ್ಳಗೆ ತುಂಬಿದರೆ ಸಾಕು. ಉಬ್ಬಿದ್ದರೆ ತುಂಬಲು ಬಳಸಿದ್ದು ಸೂಪರ್ ಗ್ಲೂ ಇರಬೇಕು. ಅದು ದಿನ ಕಳೆದಂತೆ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗುವುದರಿಂದ ತಡವಾಗಿ ಉಜ್ಜಿದರೆ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆಯುತ್ತದೆ, ಅಂಟು ದಿಣ್ಣೆಯಾಗಿ ಉಳಿಯುತ್ತದೆ. ಹಾಕಿದ ಗಂಟೆಯೊಳಗೆ ಉಜ್ಜಿಬಿಡಬೇಕು, ಕಾಗದದ ಹಿಂದೆ ಗಟ್ಟಿ ಪಟ್ಟಿ ಇರಬೇಕು. ಸೀಳಿದ್ದರೆ ಜಾಯಿಂಟೇ ಬಿಟ್ಟಿದೆ. ಎರಡೂ ಬದಿ ಮೆಲ್ಲಗೆ ಒತ್ತಿದರೆ ಬಾಯಿ ತೆರೆಯುತ್ತದೆ. ಮೇಲಿಂದ ಪುಟ್ಟಿ ಹಾಕಿ ಪ್ರಯೋಜನವಿಲ್ಲ, ಮತ್ತೆ ಸಿಮೆಂಟ್ ಹರಿಸಿ ಕ್ಲಾಂಪ್ ಹಾಕಿ ಬಿಗಿಹಿಡಿಯಬೇಕು.

ವಾಟರ್ ಪೇಪರ್ 400ರಲ್ಲಿ ಶುರುಮಾಡಿ 800, 1000, 1500ಕ್ಕೆ ಹೋಗಿ. ನಡುವೆ ನಂಬರ್ ಹಾರಿಸಿದರೆ ಹಳೆಯ ಗೀರು ಉಳಿಯುತ್ತದೆ. ತುಂಬಿದ ಜಾಗದ ಮೇಲೆ ಮಾತ್ರ ಪ್ರೈಮರ್ ಬೀಸಿ ನೋಡಿ, ಇಡೀ ವಿಮಾನಕ್ಕಲ್ಲ. ಲೋಹದ ಬಣ್ಣ ಬಳಿಯುವುದಾದರೆ 1500 ಸಾಲದು, 4000ವರೆಗೆ ಹೋಗಿ ಪಾಲಿಶ್ ಮಾಡಬೇಕು. ಬೆಳ್ಳಿ ಬಣ್ಣ ಯಾವ ಗೀರನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಲಕ್ಷಣ: ಏರ್‌ಬ್ರಷ್ ಉಗುಳುತ್ತಿದೆ, ಬಣ್ಣ ಒರಟಾಗಿದೆ, ಅಥವಾ ಬಟ್ಟಲಿನಲ್ಲೇ ಒಡೆದಿದೆ

ಬಟ್ಟಲಿನ ಬಣ್ಣ ಹುಳಿ ಹಿಂಡಿದ ಹಾಲಿನ ಹಾಗೆ ಒಡೆದಿದ್ದರೆ ಬೇರೆ ಪರೀಕ್ಷೆಯೇ ಬೇಡ, ಥಿನ್ನರ್ ಹೊಂದಿಲ್ಲ. ವ್ಯಾಲೆಹೊ ತರಹದ ನೀರಿನ ಆಧಾರದ ಅಕ್ರಿಲಿಕ್‌ಗೆ ಆಲ್ಕೊಹಾಲ್ ಅಥವಾ ಲ್ಯಾಕರ್ ಥಿನ್ನರ್ ಬೆರೆಸಿದರೆ ಹೀಗಾಗುತ್ತದೆ. ಟಮಿಯಾ ಅಕ್ರಿಲಿಕ್‌ಗೆ ಆಲ್ಕೊಹಾಲ್ ಹೊಂದುತ್ತದೆ. ಒಡೆದ ಬಣ್ಣ ಎಸೆದು, ಗಟ್ಟಿಯಾಗುವ ಮುಂಚೆ ನಾಜಲ್ ತೊಳೆಯಿರಿ.

ಉಗುಳುತ್ತಿದ್ದರೆ ಥಿನ್ನರ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಸೂಜಿಯ ತುದಿ ಒರೆಸಿ. ಅಕ್ರಿಲಿಕ್ ಅಲ್ಲೇ ಒಣಗಿ ಕೂರುತ್ತದೆ. ಬೇಸಿಗೆಯ ಮಧ್ಯಾಹ್ನ ಐದು ನಿಮಿಷಕ್ಕೊಮ್ಮೆ ಒರೆಸಬೇಕಾಗಿ ಬಂದರೂ ಅದು ದೋಷವಲ್ಲ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಒಂದೆರಡು ತೊಟ್ಟು ಸೇರಿಸಿದರೆ ತಗ್ಗುತ್ತದೆ. ಆಮೇಲೆ ಬಣ್ಣದ ಹದ: ಬಟ್ಟಲಿನ ಗೋಡೆಯ ಮೇಲೆ ಹಾಲಿನಂತೆ ತೆಳು ಪೊರೆ ಬಿಟ್ಟು ಇಳಿಯಬೇಕು. ಒತ್ತಡ 15ರಿಂದ 20 ಪಿಎಸ್‌ಐ ಸಾಕು. ಬಟ್ಟಲಿನಲ್ಲಿ ಗುಳ್ಳೆ ಏಳುತ್ತಿದ್ದರೆ ನಾಜಲ್ ಸಡಿಲವಾಗಿದೆ ಅಥವಾ ಸೀಳಿದೆ. ಬೆರಳಿನಿಂದ ಎಷ್ಟು ತಿರುಗುತ್ತದೋ ಅಷ್ಟೇ ಬಿಗಿಯಿರಿ. ಪಾನಾ ಹಾಕಿ ಬಿಗಿದರೆ 0.3 ಮಿ.ಮೀ. ನಾಜಲ್‌ನ ಬಾಯಿಯೇ ಸೀಳುತ್ತದೆ, ಆಮೇಲೆ ಹೊಸದೇ ಗತಿ.

ಮೈ ಮುಟ್ಟಿದರೆ ಉಪ್ಪುಕಾಗದದಂತೆ ಒರಟಾಗಿದ್ದರೆ ಹನಿಗಳು ದಾರಿಯಲ್ಲೇ ಒಣಗಿವೆ: ದೂರ ಹೆಚ್ಚು, ಒತ್ತಡ ಹೆಚ್ಚು, ಇಲ್ಲವೇ ಥಿನ್ನರ್ ಕಡಿಮೆ. 5ರಿಂದ 8 ಸೆ.ಮೀ. ದೂರಕ್ಕೆ ಬನ್ನಿ. ಕಿತ್ತಳೆ ಸಿಪ್ಪೆಯಂತಿದ್ದರೆ ಬಣ್ಣ ದಪ್ಪ, ಹರಡಿಕೊಳ್ಳಲು ಪುರುಸೊತ್ತಾಗಿಲ್ಲ. ಎರಡಕ್ಕೂ ಮದ್ದು ಒಂದೇ: ಪೂರ್ತಿ ಒಣಗಲು ಬಿಟ್ಟು 2000ರ ವಾಟರ್ ಪೇಪರಿನಲ್ಲಿ ನೀರು ಹಾಕಿ ಸವರಿ, ಮತ್ತೊಂದು ತೆಳು ಕೋಟ್.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಲ್ಯಾಕರ್ ಮೇಲೆ ಹಾಲಿನಂಥ ಬಿಳಿ ಮಸುಕು ಕಟ್ಟುತ್ತದೆ. ಥಿನ್ನರ್ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರೊಳಗೆ ಕೂರುವುದೇ ಕಾರಣ. ಉಜ್ಜಬೇಡಿ. ಒಣ ಹವೆಯ ಹೊತ್ತು ನೋಡಿ ನಿಧಾನ ಒಣಗುವ ಥಿನ್ನರನ್ನು ಬರಿದಾಗಿ ಒಂದು ತೆಳು ಬೀಸು ಬೀಸಿ, ಬಹಳಷ್ಟು ಸಲ ಮಸುಕು ಕರಗಿಹೋಗುತ್ತದೆ. ನೀರಿನ ಹನಿಗಳೇ ಸಿಡಿಯುತ್ತಿದ್ದರೆ ಕಂಪ್ರೆಸರ್ ಟ್ಯಾಂಕಿನ ನೀರು ಇಳಿಸಿ, ಮಾಯಿಶ್ಚರ್ ಟ್ರ್ಯಾಪ್ ನೋಡಿ. ಕಂಪ್ರೆಸರ್ ಶಾಕ್ ಹೊಡೆದರೆ, ಒತ್ತಡ ತುಂಬಿದರೂ ನಿಲ್ಲದಿದ್ದರೆ ಪ್ಲಗ್ ಕಿತ್ತು ತಿಳಿದವರ ಕೈಗೆ ಕೊಡಿ. ಒತ್ತಡ ತುಂಬಿದ ಟ್ಯಾಂಕನ್ನು ಮನೆಯಲ್ಲಿ ಬಿಚ್ಚುವಂತಿಲ್ಲ.

ಲಕ್ಷಣ: ಮಾಸ್ಕಿಂಗ್ ಟೇಪ್ ಜೊತೆ ಬಣ್ಣ ಕಿತ್ತು ಬಂದಿದೆ

ಟೇಪನ್ನು ಬೈದು ಎಸೆಯುವ ಮುಂಚೆ ಅದಕ್ಕೆ ಅಂಟಿಬಂದ ಚಕ್ಕೆಯ ಹಿಂಬದಿ ನೋಡಿ. ಕಾರಣ ಅಲ್ಲೇ ಇದೆ.

ಚಕ್ಕೆಯ ಹಿಂದೆ ಪ್ರೈಮರ್, ಮಾದರಿಯ ಮೇಲೆ ಬರಿ ಪ್ಲಾಸ್ಟಿಕ್ ಎಂದಾದರೆ ಪ್ಲಾಸ್ಟಿಕ್ ಜಿಡ್ಡಾಗಿತ್ತು. ಅಚ್ಚಿನಿಂದ ಭಾಗ ಬಿಡಿಸಲು ಹಚ್ಚಿದ ಎಣ್ಣೆ, ಬೆರಳಿನ ಜಿಡ್ಡು, ಉಜ್ಜಿದ ಪುಡಿ, ಮೂರರಲ್ಲಿ ಒಂದು. ಉಳಿದ ಬಣ್ಣವೂ ಇವತ್ತಲ್ಲ ನಾಳೆ ಹೀಗೇ ಬರುತ್ತದೆ. ಬೇರೆ ಕಡೆ ಟೇಪ್ ಅಂಟಿಸಿ ನೋಡಿ, ಅಲ್ಲೂ ಬಂದರೆ ಪೂರ್ತಿ ತೆಗೆದು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಮೊದಲಿಂದ ಶುರುಮಾಡುವುದೇ ಸರಿ.

ಪ್ರೈಮರ್ ಮಾದರಿಯ ಮೇಲೇ ಉಳಿದು ಬಣ್ಣ ಮಾತ್ರ ಬಂದಿದ್ದರೆ ಆ ಎರಡರ ನಡುವೆ ಹಿಡಿತವಿಲ್ಲ. ಪ್ರೈಮರ್ ಮೇಲೆ ಕೈಯಾಡಿಸಿರಬೇಕು, ಅಥವಾ ಬಣ್ಣ ಅರ್ಧ ಒಣಗಿ ಪುಡಿಯಂತೆ ಬಿದ್ದಿರಬೇಕು.

ಚಕ್ಕೆಯ ಹಿಂದೆಯೂ ಅದೇ ಬಣ್ಣ, ಮಾದರಿಯ ಮೇಲೂ ಅದೇ ಬಣ್ಣ ಉಳಿದಿದ್ದರೆ ಬಣ್ಣ ಒಳಗಿನವರೆಗೆ ಗಟ್ಟಿಯಾಗಿಲ್ಲ. ಮುಟ್ಟಿದರೆ ಒಣಗಿರುವುದು ಬೇರೆ, ಒಳಗಿಂದ ಗಟ್ಟಿಯಾಗುವುದು ಬೇರೆ. ಅಕ್ರಿಲಿಕ್‌ಗೆ ಒಂದು ದಿನ, ಎನಾಮೆಲ್‌ಗೆ ಎರಡು ದಿನ ಕೊಡಿ, ಮಳೆಗಾಲದಲ್ಲಿ ಇದರ ಇಮ್ಮಡಿ. ಎನಾಮೆಲ್ ಇನ್ನೂ ವಾಸನೆ ಬರುತ್ತಿದ್ದರೆ ಇನ್ನೂ ಹಸಿ.

ಚಕ್ಕೆ ಎದ್ದ ಕುಳಿಯ ಅಂಚನ್ನು 2000ರ ಕಾಗದದಲ್ಲಿ ಇಳಿಜಾರು ಮಾಡದೆ ಬಣ್ಣ ತುಂಬಬೇಡಿ, ಮೆಟ್ಟಿಲು ಕಾಣುತ್ತದೆ. ಮುಂದಿನ ಸಲ ಟೇಪನ್ನು ಅಂಗೈಗೆ ಎರಡು ಮೂರು ಸಲ ಅಂಟಿಸಿ ಅಂಟು ಇಳಿಸಿ, ತೆಗೆಯುವಾಗ ಮೇಲಕ್ಕೆತ್ತದೆ ಅದರ ಮೇಲೇ ಹಿಂದಕ್ಕೆ ಮಡಚಿ ಎಳೆಯಿರಿ.

ಲಕ್ಷಣ: ಬಿಳಿ ಪಟ್ಟಿ ಹಸಿರಾಗಿ ಕಾಣುತ್ತಿದೆ

ಇದು ಬರ್ಮಾ ರಂಗದ ವಿಮಾನಗಳಿಗೇ ಬರುವ ತೊಂದರೆ. ಜಪಾನಿನ ಕೆಂಪು ಸೂರ್ಯನ ಗುರುತೆಂದು ತಪ್ಪು ತಿಳಿದು ಗುಂಡು ಹಾರಿಸಬಾರದೆಂದು ಮಿತ್ರಪಕ್ಷಗಳು ಇಲ್ಲಿನ ವಿಮಾನಗಳ ದುಂಡು ಗುರುತಾದ ರೌಂಡೆಲ್‌ನಿಂದ ಕೆಂಪನ್ನೇ ತೆಗೆದವು, ನಡುವೆ ತಿಳಿ ಬಣ್ಣ ಬಂತು. ಯುದ್ಧದ ಕೊನೆಗೆ ರೆಕ್ಕೆ, ಬಾಲಗಳ ಮೇಲೆ ಬಿಳಿ ಪಟ್ಟಿಯೂ ಸೇರಿತು. ಕಡುಹಸಿರಿನ ಮೇಲೆ ತೆಳು ಬಿಳಿ ಕೂತರೆ ಅಡಿಯ ಬಣ್ಣ ತೋರುತ್ತದೆ.

ಪಟ್ಟಿಯನ್ನು ಡೆಕಾಲ್‌ನಿಂದ ಹಾಕದೆ ಬಣ್ಣದಿಂದ ಬಳಿಯಿರಿ, ಅದೂ ಹಸಿರಿಗಿಂತ ಮೊದಲು. ಬಿಳಿ ಬಳಿದು ಟೇಪಿನಿಂದ ಮುಚ್ಚಿ ಆಮೇಲೆ ಹಸಿರು. ಹಸಿರು ಮೊದಲೇ ಬಳಿದಾಗಿದ್ದರೆ ಪಟ್ಟಿಯ ಜಾಗಕ್ಕೆ ತಿಳಿಬೂದು ಬೀಸಿ, ಆಮೇಲೆ ಬಿಳಿಯನ್ನು ನಾಲ್ಕೈದು ಬೀಸಿನಲ್ಲಿ ಕಟ್ಟಿ. ಒಂದೇ ದಪ್ಪ ಕೋಟ್ ಬಳಿದರೆ ಟೇಪಿನ ಅಂಚಿನಲ್ಲಿ ಕಟ್ಟೆ ಏಳುತ್ತದೆ. ರೌಂಡೆಲ್ ಡೆಕಾಲ್‌ನ ತಿಳಿ ನಡುಭಾಗ ಹಸಿರಾಗಿ ತೋರಿದರೆ ಅದರ ಅಡಿಗೆ ಅದಕ್ಕಿಂತ ಒಂದು ಮಿ.ಮೀ. ಚಿಕ್ಕದಾದ ಬಿಳಿ ವೃತ್ತ ಬಳಿದಿಟ್ಟು ಡೆಕಾಲ್ ಕೂರಿಸಿ.

ಲಕ್ಷಣ: ಡೆಕಾಲ್ ಸುತ್ತ ಬೆಳ್ಳಿಯ ಹೊಳಪು, ಬಿರುಕು, ಅಥವಾ ಬಿಳಿ ಕಲೆ

ಬೆಳ್ಳಿಯಂತೆ ಹೊಳೆಯುವುದು ಡೆಕಾಲ್ ಅಡಿ ಸಿಕ್ಕಿಕೊಂಡ ಗಾಳಿ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೈ ಸೂಕ್ಷ್ಮವಾಗಿ ತರಿತರಿ, ಪಾರದರ್ಶಕ ಹಾಳೆ ಆ ತಗ್ಗಿಗೆ ಇಳಿಯುವುದಿಲ್ಲ. ಡೆಕಾಲ್ ಹಾಕಿ ಒಂದು ದಿನ ಕಳೆದಿಲ್ಲವಾದರೆ ಮೈಕ್ರೋ ಸಾಲ್ ತರಹದ ಮೆತ್ತಗೆ ಮಾಡುವ ದ್ರವ ಹಚ್ಚಿ ಬಿಡಿ. ಹಾಳೆ ಸುಕ್ಕುಗಟ್ಟಿದಂತೆ ಕಾಣುತ್ತದೆ, ಹೆದರಿ ಮುಟ್ಟಬೇಡಿ, ಒಣಗುತ್ತ ತಾನೇ ಚಪ್ಪಟೆಯಾಗುತ್ತದೆ. ಮುಟ್ಟಿದರೆ ಹರಿಯುವುದು ಖಂಡಿತ. ಒಣಗಿದ ಮೇಲೂ ಹೊಳೆದರೆ ಹೊಸ ಸೂಜಿಯಿಂದ ಗಾಳಿ ಇರುವ ಕಡೆ ಚುಚ್ಚಿ, ಮತ್ತೆ ದ್ರವ. ಮೂರು ಸಲಕ್ಕೂ ಹೋಗದಿದ್ದರೆ ಡೆಕಾಲ್‌ನ ಪಾರದರ್ಶಕ ಅಂಚಿನ ಮೇಲೆ ಮಾತ್ರ ಕ್ಯಾಮೊಫ್ಲಾಜ್ ಬಣ್ಣವನ್ನು ಸಣ್ಣ ಬ್ರಷ್‌ನಿಂದ ತಟ್ಟಿ ಮುಚ್ಚಬಹುದು. ಮೇಲೆ ಮ್ಯಾಟ್ ವಾರ್ನಿಶ್ ಆಗಲೇ ಹಚ್ಚಿಯಾಗಿದ್ದರೆ ದ್ರವ ಒಳಗಿಳಿಯುವುದಿಲ್ಲ, ಉಳಿಯುವ ದಾರಿ ಇದೊಂದೇ.

ತಡೆಯುವುದು ಸುಲಭ. ಡೆಕಾಲ್‌ಗೆ ಮುಂಚೆ ಹೊಳಪಿನ ಕೋಟ್ ಹಚ್ಚಿ ಒಂದು ದಿನ ಬಿಡಿ. ಟ್ಯೂಬ್‌ಲೈಟಿನ ಬಿಂಬದ ಅಂಚು ಮೈಮೇಲೆ ಚೂಪಾಗಿ ಕಂಡರೆ ಸಿದ್ಧ, ಚದುರಿ ಕಂಡರೆ ಇನ್ನೊಂದು ಕೋಟ್ ಬೇಕು.

ನೀರಿಗೆ ಹಾಕಿದೊಡನೆ ಚೂರಾದರೆ ಹಾಳೆ ಹಳೆಯದು. ಉಳಿದ ಡೆಕಾಲ್‌ಗಳ ಮೇಲೆ ಪಾರದರ್ಶಕ ಹೊಳಪಿನ ವಾರ್ನಿಶ್ ಬೀಸಿ ಒಣಗಿಸಿ, ಆಮೇಲೆ ಒಂದೊಂದನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿ ಬಳಸಿ. ಹಳದಿಗಟ್ಟಿದ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿದರೆ ಬಹುಮಟ್ಟಿಗೆ ಬೆಳ್ಳಗಾಗುತ್ತದೆ.

ಒಣಗಿದ ಮೇಲೆ ಡೆಕಾಲ್ ಸುತ್ತ ಸುಣ್ಣದಂಥ ಕಲೆ ಉಳಿದರೆ ಅದು ಬೋರ್‌ವೆಲ್‌ನ ಗಡಸು ನೀರಿನ ಕೆಲಸ. ಒದ್ದೆ ಇಯರ್‌ಬಡ್‌ನಿಂದ ಕೂಡಲೇ ಒರೆಸಿ. ವಾರ್ನಿಶ್ ಅಡಿಗೆ ಸಿಕ್ಕರೆ ಹೋಗುವುದಿಲ್ಲ. ಡೆಕಾಲ್ ನೆನೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಲಕ್ಷಣ: ಕ್ಯಾನಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಒಳಗೆ ಮಂಜು ಕಟ್ಟಿದೆ

ಒಡಲಿನೊಳಗೆ ಎಲ್ಲೋ ಬಳಸಿದ ಸೂಪರ್ ಗ್ಲೂನ ಆವಿ ಗಾಜಿನಂಥ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯಾಗಿ ಕೂತಿದೆ. ಹೊರಮೈಯಲ್ಲಿದ್ದರೆ ಟೂತ್‌ಪೇಸ್ಟ್ ಹಚ್ಚಿದ ಮೆತ್ತನೆ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಒಳಗಿದ್ದರೆ ಕ್ಯಾನಪಿ ಬಿಡಿಸಲೇಬೇಕು. ಫೆವಿಕಾಲ್‌ನಿಂದ ಅಂಟಿಸಿದ್ದರೆ ಅಂಚಿಗೆ ನೀರು ತಾಗಿಸುತ್ತ ಹೋದರೆ ಬಿಡುತ್ತದೆ. ಒಳಮೈ ಪಾಲಿಶ್ ಮಾಡಿ ಪಾರದರ್ಶಕ ಹೊಳಪಿನ ಅಕ್ರಿಲಿಕ್ ವಾರ್ನಿಶ್‌ನಲ್ಲಿ ಅದ್ದಿ, ಅಂಚನ್ನು ಟಿಶ್ಯೂಗೆ ತಾಗಿಸಿ ಹೆಚ್ಚಿನದನ್ನು ಇಳಿಸಿ, ಧೂಳು ಕೂರದಂತೆ ಬಟ್ಟಲು ಮುಚ್ಚಿ ಒಣಗಿಸಿ.

ಮಂಜಿನ ಬದಲು ಜೇಡರ ಬಲೆಯಂಥ ಬಿರುಕುಗಳಿದ್ದರೆ ಪ್ಲಾಸ್ಟಿಕ್ ಸಿಮೆಂಟ್ ಮುಟ್ಟಿದೆ. ಅದಕ್ಕೆ ಮದ್ದಿಲ್ಲ. ಕಿಟ್ ತಯಾರಕರಿಂದ ಬದಲಿ ಭಾಗ ಕೇಳಿ, ಇಲ್ಲವೇ ತೆರೆದ ಕ್ಯಾನಪಿಯನ್ನು ಹಿಂದಕ್ಕೆ ಸರಿಸಿ ಕೂರಿಸಿ.

ಲಕ್ಷಣ: ಲಿಬರೇಟರ್ ಬಾಲದ ಮೇಲೆ ಕೂತಿದೆ

ಸ್ಪಿಟ್‌ಫೈರ್‌ಗೆ ಬಾಲದಲ್ಲೇ ಚಕ್ರವಿರುವುದರಿಂದ ಈ ಚಿಂತೆಯಿಲ್ಲ. ಮೂತಿಚಕ್ರದ ಲಿಬರೇಟರ್‌ಗೆ ಇದೇ ದೊಡ್ಡ ಚಿಂತೆ. ಬೆಂಗಳೂರಿನಲ್ಲಿ ಇದನ್ನು ಕಟ್ಟುವವರಿಗೆ ಒಂದು ಹತ್ತಿರದ ಕಾರಣವೂ ಇದೆ: ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಇಲ್ಲಿಗೆ ಹಾರಿಸಿ ತಂದು ದುರಸ್ತಿ ಮಾಡಿತು, ವಾಯುಪಡೆ 1968ರವರೆಗೆ ಅವನ್ನು ಬಳಸಿತು.

ಒಡಲು ಮುಚ್ಚುವ ಮುಂಚೆ ಎಲ್ಲ ಭಾಗವನ್ನೂ, ಬಾಲದ ಎರಡು ರೆಕ್ಕೆ ಮತ್ತು ಬಂದೂಕು ಗೋಪುರ ಸೇರಿಸಿ, ಟೇಪಿನಿಂದ ಕಟ್ಟಿ. ಮುಖ್ಯ ಚಕ್ರದ ಅಚ್ಚು ಬರುವ ಜಾಗದಲ್ಲಿ ಎರಡು ಬೆರಳ ಮೇಲೆ ತೂಗಿಸಿ, ಮೂತಿ ಬಾಗುವವರೆಗೆ ಮೇಲೆ ತೂಕ ಇಡುತ್ತ ಹೋಗಿ, ಅದರ ಕಾಲುಭಾಗ ಹೆಚ್ಚು ಸೇರಿಸಿ. ಬಣ್ಣ, ಡೆಕಾಲ್, ಆಂಟೆನಾಗಳ ತೂಕಕ್ಕೆ ಆ ಕಾಲುಭಾಗ. ತೂಕ ಮೂತಿಗೆ ಹತ್ತಿರವಾದಷ್ಟೂ ಕಡಿಮೆ ಸಾಕು. ಆದರೆ ಲಿಬರೇಟರ್‌ನ ಮೂತಿಯೆಲ್ಲ ಗಾಜು, ಆದ್ದರಿಂದ ಕಾಕ್‌ಪಿಟ್ ನೆಲದ ಅಡಿ, ಮೂತಿಚಕ್ರದ ಗೂಡಿನ ಅಕ್ಕಪಕ್ಕ, ನಾಲ್ಕು ಎಂಜಿನ್‌ಗಳ ಹಿಂದಿನ ಪೊಳ್ಳು, ಈ ಜಾಗಗಳನ್ನು ಬಳಸಿಕೊಳ್ಳಿ.

ಕಟ್ಟಿ ಮುಗಿದ ಮೇಲೆ ಗೊತ್ತಾದರೆ ಎಂಜಿನ್ ಮುಖವನ್ನು ಬಿಡಿಸಿ ಅದರೊಳಗೆ ತುಂಬಿ ನೋಡಿ. ಅದೂ ಸಾಲದಿದ್ದರೆ ಚಕ್ರಗಳನ್ನು ತಳಹಲಗೆಗೆ ಪಿನ್ ಹಾಕಿ ಭದ್ರಮಾಡಿ, ಒಡಲು ಒಡೆಯಬೇಡಿ. ತೂಕ ಹೆಚ್ಚಾಗಿ ಪ್ಲಾಸ್ಟಿಕ್ ಕಾಲುಗಳು ಅಗಲುತ್ತಿದ್ದರೆ ಒಳಗೆ ಹಿತ್ತಾಳೆ ತಂತಿ ಹಾಯಿಸಬೇಕು.

ಲಕ್ಷಣ: ವರ್ಷ ಕಳೆದ ಮೇಲೆ ಮೂತಿ ಉಬ್ಬಿದೆ, ಬಿಳಿ ಪುಡಿ ಉದುರುತ್ತಿದೆ

ಗಾಳದ ಸೀಸದ ಗುಂಡುಗಳನ್ನು ಫೆವಿಕಾಲ್ ತರಹದ ಬಿಳಿ ಅಂಟಿನಲ್ಲಿ ಕೂರಿಸಿದ್ದರೆ ಹೀಗಾಗುತ್ತದೆ. ಮುಚ್ಚಿದ ಜಾಗದಲ್ಲಿ ಅಂಟಿನ ಆಮ್ಲ ಸೀಸವನ್ನು ತಿಂದು ಬಿಳಿ ಲವಣವಾಗಿಸುತ್ತದೆ. ಅದು ಹಿಗ್ಗಿ ಒಡಲನ್ನೇ ಸೀಳುತ್ತದೆ. ಈ ಪುಡಿ ವಿಷ. ಊದಬೇಡಿ, ಬ್ರಷ್‌ನಿಂದ ಗುಡಿಸಬೇಡಿ. ಕೈಗವಸು ಹಾಕಿ ಒದ್ದೆ ಟಿಶ್ಯೂನಿಂದ ಒರೆಸಿ ಕವರಿನಲ್ಲಿ ಬಿಗಿದು ಕಟ್ಟಿ, ಮಕ್ಕಳಿಗೆ ಸಿಗದಂತೆ ಇಡಿ. ಉಬ್ಬು ಶುರುವಾದ ಮಾದರಿ ತಾನಾಗಿ ನಿಲ್ಲುವುದಿಲ್ಲ, ಅಡಿಯಿಂದ ಕೊರೆದು ಸೀಸವನ್ನು ಹೊರತೆಗೆಯಬೇಕು. ಮತ್ತೆ ತುಂಬುವಾಗ ಸ್ಟೀಲ್ ಅಥವಾ ಹಿತ್ತಾಳೆ ಚೂರು, ಅಂಟಿಗೆ ಅರಾಲ್ಡೈಟ್.